ಓದುಗರ ಸ್ಪಂದನ: "ಮೋಸ ಮಾಡಿದ್ದು ಒಬ್ಬ, ಈಗ ಅವರ ಜನಾನೆಲ್ಲಾ ಕಂಡ್ರೆ ಆಗಲ್ಲ"

ಕಳೆದ ಸಲದ ಪತ್ರ ನೆನಪಿರಬಹುದು. ವರ್ಷಗಟ್ಟಲೆ ಜೊತೆಗೆ ವ್ಯಾಪಾರ ಮಾಡಿದ ಗೆಳೆಯ ಲೆಕ್ಕದಲ್ಲಿ ಮೋಸ ಮಾಡಿ ಹೋದ, ದುಡ್ಡೂ ಹೋಯ್ತು ಸ್ನೇಹಾನೂ ಹೋಯ್ತು, ಆತ ಬೇರೆ ಸಮುದಾಯದವನು, ಈಗ ಆ ಸಮುದಾಯದವರು ಯಾರನ್ನ ಕಂಡ್ರೂ ಮೈ ಉರಿಯುತ್ತೆ, ರಾತ್ರಿ ಅವರ ವಿರುದ್ಧದ ವಿಡಿಯೋ ನೋಡ್ದೆ ನಿದ್ದೆ ಬರಲ್ಲ, ಆದ್ರೆ ಯಾರಿಗೂ ಏನೂ ಮಾಡಿಲ್ಲ ಮನಸ್ಸಲ್ಲೇ ಇಟ್ಕೊಂಡಿದೀನಿ ಅಂತ ಒಬ್ಬರು ಬರೆದಿದ್ರು. ನಾಲ್ಕನೇ ಕ್ಲಾಸಲ್ಲಿರೋ ಮಗಳು ಮೊನ್ನೆ "ನಾನು ಅವಳ ಜೊತೆ ಆಡಲ್ಲ, ಅವರೆಲ್ಲ ಮೋಸಗಾರರು ಅಲ್ವಾ ಅಪ್ಪಾ" ಅಂದಳಂತೆ. ಅದನ್ನ ಕೇಳಿ ಭಯ ಆಯ್ತು, ಈ ದ್ವೇಷ ಇಳಿಸ್ಕೊಳ್ಳೋದು ಹೇಗೆ ಅಂತ ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಮನಶ್ಶಾಸ್ತ್ರ ಓದಿರೋ ಒಬ್ಬ ಓದುಗಿ:

ಸರ್, ಕೋಪ ಬಿಟ್ಟುಬಿಡಿ ಅಂತ ತುಂಬಾ ಜನ ಬರೀತಾರೆ, ನಾನು ಹಾಗೆ ಹೇಳಲ್ಲ. ನಿಮಗೆ ಕೋಪ ಬಂದಿರೋದು ಸರಿಯಾಗೇ ಇದೆ, ನಂಬಿದವನೇ ಕುತ್ತಿಗೆ ಕೊಯ್ದ್ರೆ ಕೋಪ ಬರದೆ ಇನ್ನೇನು ಬರುತ್ತೆ. ಆದ್ರೆ ನಿಮ್ಮ ಪತ್ರದಲ್ಲಿ ಕೋಪ ಮತ್ತು ದ್ವೇಷ ಎರಡೂ ಒಂದಕ್ಕೊಂದು ಗಂಟು ಬಿದ್ದಿವೆ, ಅದನ್ನ ಬಿಡಿಸಿ ನೋಡ್ದೆ ಮುಂದಕ್ಕೆ ಹೋಗಕ್ಕಾಗಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೇನೇ ಈ ವ್ಯತ್ಯಾಸ ಹೇಳಿದಾನೆ. ಕೋಪ ಬರೋದು ಒಬ್ಬ ಮನುಷ್ಯನ ಮೇಲೆ, ಅವನು ನಮಗೆ ಏನೋ ಮಾಡಿದ್ದಕ್ಕೆ. ದ್ವೇಷ ಹಾಗಲ್ಲ, ನಮಗೆ ಏನೂ ಮಾಡದೇ ಇರೋ ಇಡೀ ಒಂದು ಗುಂಪಿನ ಮೇಲೂ ಅದು ಕೂರಬಹುದು. ಕೋಪ ಕಾಲ ಕಳೆದ ಹಾಗೆ ಇಳಿಯುತ್ತೆ, ದ್ವೇಷ ಇಳಿಯಲ್ಲ. ಕೋಪ ಬಂದವನಿಗೆ ಎದುರಿನವನು ಅನುಭವಿಸ್ಬೇಕು, ತಾನು ಮಾಡಿದ್ದೇನು ಅಂತ ಅವನಿಗೆ ತಟ್ಟಬೇಕು, ಅಷ್ಟು ಸಾಕು. ದ್ವೇಷ ಇರೋನಿಗೆ ಅದು ಸಾಲಲ್ಲ, ಎದುರಿನವನು ಇರಲೇಬಾರದು.

ಇದು ಬರೀ ತತ್ವ ಅಲ್ಲ. ಎರಾನ್ ಹಾಲ್ಪೆರಿನ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಇಸ್ರೇಲಿನ ಜನರ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ಪ್ಯಾಲೆಸ್ತೀನಿನ ಜೊತೆ ಮಾತುಕತೆ ನಡೆಯೋ ಹೊತ್ತಿಗೆ ಜನರಲ್ಲಿ ಬೇಕಂತಲೇ ಕೋಪ ಎಬ್ಬಿಸಿ ನೋಡಿದ್ರು. ದ್ವೇಷ ಕಮ್ಮಿ ಇದ್ದವರು ಕೋಪ ಬಂದಾಗ ರಾಜಿಗೆ ಇನ್ನೂ ಹೆಚ್ಚು ಒಪ್ಪಿದ್ರು, ಯಾಕಂದ್ರೆ ಕೋಪ ಏನನ್ನೋ ಸರಿ ಮಾಡ್ಬೇಕು ಅಂತ ತಳ್ಳುತ್ತೆ. ದ್ವೇಷ ಜಾಸ್ತಿ ಇದ್ದವರಲ್ಲಿ ಅದೇ ಕೋಪ ಉಲ್ಟಾ ಕೆಲಸ ಮಾಡ್ತು. ಎದುರಿನವರು ಬದಲಾಗೋದೇ ಇಲ್ಲ, ಅವರ ಹುಟ್ಟೇ ಹಂಗೆ ಅಂತ ಒಮ್ಮೆ ಮನಸ್ಸು ತೀರ್ಮಾನ ಮಾಡಿಬಿಟ್ರೆ ಮಾತಿಗೆ ಜಾಗ ಎಲ್ಲಿದೆ ಹೇಳಿ.

ಅದಕ್ಕೇ ಹೇಳೋದು, ನಿಮ್ಮ ಕೋಪಕ್ಕೆ ಒಂದೇ ವಿಳಾಸ ಇದೆ, ಅಲ್ಲಿಗೇ ಕಳಿಸಿ. ಲೆಕ್ಕದ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಅವನು ಕಳಿಸಿದ ಮೆಸೇಜು ಎಲ್ಲಾ ಒಟ್ಟು ಮಾಡ್ಕೊಂಡು ಒಬ್ಬ ಒಳ್ಳೆ ವಕೀಲರನ್ನ ನೋಡಿ. ದುಡ್ಡು ವಾಪಸ್ ಬರುತ್ತೋ ಇಲ್ವೋ ನಾನು ಹೇಳಕ್ಕಾಗಲ್ಲ, ಆದ್ರೆ ಮೋಸ ಮಾಡಿದ ಆ ಒಬ್ಬನ ಹೆಸರು ಕಾಗದದ ಮೇಲೆ ಬಂದಾಗ ಉಳಿದ ಲಕ್ಷಾಂತರ ಜನ ಆ ಕಾಗದದಲ್ಲಿ ಇಲ್ಲ ಅನ್ನೋದು ನಿಮಗೇ ಕಾಣುತ್ತೆ.

ಸಾಫ್ಟ್‌ವೇರ್ ಕೆಲಸದಲ್ಲಿರೋ ಒಬ್ಬರು:

ಉಳಿದಿದ್ದೆಲ್ಲಾ ಆಮೇಲೆ, ಮೊದಲು ಆ ವಿಡಿಯೋ ನಿಲ್ಸಿ ಸರ್. ಅದು ನಿಮ್ಮ ಮನಸ್ಸು ಹಗುರ ಮಾಡ್ತಿದೆ ಅಂದ್ಕೊಂಡಿದೀರ, ಮಾಡ್ತಿಲ್ಲ. ಬ್ರಾಡ್ ಬುಷ್‌ಮನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು ಸುಮಾರು 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿದ್ರು, ಕೋಪ ಬರಿಸಿದವರನ್ನ ನೆನೆಸ್ಕೊಂಡು ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಕೋಪಾನೇ ಕೊನೆಗೆ ಎಲ್ಲರಿಗಿಂತ ಜಾಸ್ತಿ ಇತ್ತು, ಏನೂ ಮಾಡ್ದೆ ಸುಮ್ನೆ ಕೂತಿದ್ದವರದು ಕಮ್ಮಿ. ರಾತ್ರಿ ಒಂದು ಗಂಟೆಗೆ ಫೋನ್ ಹಿಡ್ಕೊಂಡು ನೀವು ಮಾಡ್ತಿರೋದೂ ಅದೇ.

ಮತ್ತೆ ಆ ವಿಡಿಯೋಗಳು ನಿಮ್ಮ ಹತ್ರ ತಾವಾಗೇ ಬರ್ತಿಲ್ಲ. ಟ್ವಿಟರ್ ಮೇಲೆ ಮಾಡಿದ 2017ರ ಒಂದು ಅಧ್ಯಯನದಲ್ಲಿ ಸರಿ ತಪ್ಪಿನ ಭಾವನೆ ಕೆರಳಿಸೋ ಪದ ಒಂದೊಂದು ಸೇರಿದಾಗಲೂ ಪೋಸ್ಟ್ ಹಂಚಿಕೆ ಸುಮಾರು 20% ಏರ್ತಿತ್ತು, 2021ರಲ್ಲಿ ಅಮೆರಿಕದ ರಾಜಕೀಯ ಪೋಸ್ಟ್‌ಗಳನ್ನ ನೋಡ್ದಾಗ ಎದುರು ಗುಂಪಿನ ಬಗ್ಗೆ ಇರೋ ಒಂದೊಂದು ಪದಕ್ಕೂ ಹಂಚಿಕೆ ಸಾಧ್ಯತೆ 67% ಜಾಸ್ತಿ ಆಗ್ತಿತ್ತು. ಯಾವುದನ್ನ ಜನ ಹಂಚ್ತಾರೋ ಯಾವುದನ್ನ ಜಾಸ್ತಿ ಹೊತ್ತು ನೋಡ್ತಾರೋ ಅದನ್ನೇ ಅಲ್ಗಾರಿದಮ್, ಅಂದ್ರೆ ಏನು ತೋರಿಸ್ಬೇಕು ಅಂತ ಆರಿಸೋ ಆ್ಯಪ್‌ನ ಲೆಕ್ಕಾಚಾರ, ಮತ್ತೆ ಮತ್ತೆ ಮುಂದಿಡುತ್ತೆ, ನಿಮ್ಮ ನೋವು ಅದಕ್ಕೆ ಗೊತ್ತಿಲ್ಲ ನೀವು ಎಷ್ಟು ಸೆಕೆಂಡ್ ನೋಡಿದ್ರಿ ಅಷ್ಟೇ ಗೊತ್ತು. ವಾಚ್ ಹಿಸ್ಟರಿ ಪೂರ್ತಿ ಡಿಲೀಟ್ ಮಾಡಿ, ಆ ಚಾನೆಲ್‌ಗಳನ್ನ ಬ್ಲಾಕ್ ಮಾಡಿ, ಫೋನನ್ನ ಬೇರೆ ರೂಮಲ್ಲಿಟ್ಟು ಮಲಗಿ. ಮೊದಮೊದಲು ನಿದ್ದೆ ಬರಲ್ಲ, ಬರ್ದೆ ಇರ್ಲಿ ಬಿಡಿ.

ಹೆಸರು ಬೇಡ ಅಂದ ಒಬ್ಬರು:

"ಕ್ಷಮಿಸಿ ಮುಂದೆ ಹೋಗಿ" ಅಂತ ಸುಲಭವಾಗಿ ಹೇಳೋರ ಮೇಲೆ ನನಗೆ ತಕರಾರಿದೆ. ಕಳ್ಕೊಂಡಿದ್ದು ಅವರಲ್ಲ. ತಪ್ಪು ಮಾಡಿದವನು ತಪ್ಪನ್ನ ಒಪ್ಕೊಂಡೂ ಇಲ್ಲ, ನಾವು ಮಾತ್ರ ದೊಡ್ಡ ಮನಸ್ಸು ಮಾಡ್ಬೇಕು ಅಂದ್ರೆ ಅದು ನ್ಯಾಯಾನೇ ಅಲ್ಲ. ಎಲ್ಲರೂ ದಕ್ಷಿಣ ಆಫ್ರಿಕಾ ಉದಾಹರಣೆ ಕೊಡ್ತಾರೆ, ಬಿಳಿಯರ ವರ್ಣಭೇದದ ಆಡಳಿತ ಮುಗಿದ ಮೇಲೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಂಧಾನ ಆಯೋಗ ಮಾಡಿ ಎಲ್ಲರನ್ನೂ ಕ್ಷಮಿಸಿಬಿಟ್ರು ಅಂತ. ಹಾಗೆ ಆಗ್ಲೇ ಇಲ್ಲ. ಅಲ್ಲಿ ಕ್ಷಮಾದಾನ ಬೇಕಿದ್ದವನು ಅರ್ಜಿ ಹಾಕ್ಕೊಂಡು ತಾನು ಮಾಡಿದ್ದನ್ನ ಪೂರ್ತಿ ಬಿಚ್ಚಿ ಹೇಳ್ಬೇಕಿತ್ತು, ಅದು ರಾಜಕೀಯ ಉದ್ದೇಶದ ಕೃತ್ಯ ಅಂತಾನೂ ತೋರಿಸ್ಬೇಕಿತ್ತು, ಬಂದಿದ್ದು 7,000ಕ್ಕೂ ಹೆಚ್ಚು ಅರ್ಜಿ, ಅದರಲ್ಲಿ ಹೆಚ್ಚಿನವು ತಿರಸ್ಕಾರ ಆದ್ವು. ಮೊದಲು ಸತ್ಯ, ಆಮೇಲೆ ಉಳಿದಿದ್ದು.

ಹಾಗಾಗಿ ನೀವು ಆ ಗೆಳೆಯನನ್ನ ಕ್ಷಮಿಸಲೇಬೇಕು ಅಂತ ಏನಿಲ್ಲ. ಜೀವಮಾನ ಪೂರ್ತಿ ಕ್ಷಮಿಸ್ದೇನೂ ಇರಬಹುದು, ಅದು ನಿಮ್ಮ ಹಕ್ಕು. ಆದ್ರೆ ಅವನ ಸಮುದಾಯದವರನ್ನ ಕ್ಷಮಿಸೋ ಪ್ರಶ್ನೆ ಬರೋದೇ ಇಲ್ವಲ್ಲ, ಅವರು ತಪ್ಪು ಮಾಡಿದ್ರೆ ತಾನೆ?

ರೇಡಿಯೋದಲ್ಲಿ ಬಹಳ ಕಾಲ ಕೆಲಸ ಮಾಡಿದ ಹಿರಿಯರು:

"ಯಾರಿಗೂ ಏನೂ ಮಾಡಿಲ್ಲ, ಮನಸ್ಸಲ್ಲೇ ಇಟ್ಕೊಂಡಿದೀನಿ" ಅಂದಿದೀರಲ್ಲ, ಆ ಒಂದು ವಾಕ್ಯದ ಮೇಲೆ ನಾನು ಮಾತಾಡ್ಬೇಕು. ಮನಸ್ಸಲ್ಲಿ ಇಟ್ಕೊಂಡಿದ್ರೆ ಮಗುವಿಗೆ ಹೇಗೆ ಗೊತ್ತಾಯ್ತು? ಊಟಕ್ಕೆ ಕೂತಾಗ ಒಂದು ಮಾತು, ಫೋನಲ್ಲಿ ಯಾರ ಜೊತೆಗೋ ಒಂದು ಮಾತು, ಅವರು ಹಾದುಹೋದಾಗ ಒಂದು ಮುಖ ಸಿಂಡರಿಸೋದು. ದ್ವೇಷ ಓಡಾಡೋದೇ ಹೀಗೆ, ಅದಕ್ಕೆ ಭಾಷಣ ಬೇಕಾಗಿಲ್ಲ.

ನನ್ನ ವೃತ್ತಿಯವರಿಗೆ ಆಫ್ರಿಕಾದ ರುವಾಂಡಾ ಅನ್ನೋ ದೇಶದ ಹೆಸರು ಕೇಳಿದ್ರೇನೇ ಎದೆ ಭಾರ ಆಗುತ್ತೆ. ಅಲ್ಲಿ ಹುಟು ಮತ್ತು ಟುಟ್ಸಿ ಅಂತ ಎರಡು ಗುಂಪು, ಮಾತಾಡೋದು ಒಂದೇ ಭಾಷೆ, ಅಕ್ಕಪಕ್ಕದ ಮನೆ, ಎಷ್ಟೋ ಮನೆಗಳಲ್ಲಿ ಕೊಟ್ಟು ತಂದ ಸಂಬಂಧ. 1993ರಲ್ಲಿ ಆರ್‌ಟಿಎಲ್‌ಎಂ ಅಂತ ಒಂದು ರೇಡಿಯೋ ಶುರುವಾಯ್ತು, ಒಳ್ಳೊಳ್ಳೆ ಹಾಡು ಹಾಕೋದು, ಜೋಕು ಹೇಳೋದು, ಜನ ಮುಗಿಬಿದ್ದು ಕೇಳ್ತಿದ್ರು, ಆ ಹಾಡು ಜೋಕಿನ ಮಧ್ಯೆನೇ ಟುಟ್ಸಿಗಳನ್ನ "ಇನ್ಯೆಂಜಿ" ಅಂದ್ರೆ ಜಿರಳೆ ಅಂತ ಕರೆಯೋದು. ಮನುಷ್ಯರನ್ನ ಕೊಲ್ಲೋಕೆ ಕೈ ನಡುಗುತ್ತೆ, ಜಿರಳೆಗೆ ನಡುಗಲ್ಲ ನೋಡಿ. 1994ರ ಏಪ್ರಿಲ್‌ನಲ್ಲಿ ಟುಟ್ಸಿಗಳ ನರಮೇಧ ಶುರುವಾಗಿ ಸುಮಾರು 100 ದಿನದಲ್ಲಿ 8 ಲಕ್ಷದಷ್ಟು ಜನ ಸತ್ರು, ಕೊಂದವರಲ್ಲಿ ಸೈನಿಕರು ಮಾತ್ರ ಅಲ್ಲ, ನಿನ್ನೆವರೆಗೆ ನಮಸ್ಕಾರ ಹೇಳ್ತಿದ್ದ ನೆರೆಹೊರೆಯವರೂ ಇದ್ರು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೋ ಹುಟ್ಟುಹಾಕಿದ ಇಬ್ಬರನ್ನ ಮತ್ತೆ ಒಬ್ಬ ಪತ್ರಿಕಾ ಸಂಪಾದಕನನ್ನ ಅಪರಾಧಿಗಳು ಅಂತ ತೀರ್ಪು ಕೊಡ್ತು.

ನೀವು ಕೊಲೆಗಾರರು ಅಂತ ಹೇಳ್ತಿಲ್ಲಪ್ಪ, ಖಂಡಿತ ಅಲ್ಲ. ಆದ್ರೆ ಅಂಥ ರೇಡಿಯೋಗೆ ಕೇಳುಗರು ಬೇಕಲ್ಲ, ಒಳಗೊಳಗೇ ಉರೀತಾ ಇರೋ ನಿಮ್ಮಂಥ ಒಳ್ಳೆ ಜನರೇ ಅದರ ಕೇಳುಗರು. ದ್ವೇಷ ಮಾರೋರಿಗೆ ನಿಮ್ಮ ನಷ್ಟ ಗೊತ್ತೂ ಇಲ್ಲ ಬೇಕಾಗೂ ಇಲ್ಲ, ನಿಮ್ಮ ಉರಿ ಮಾತ್ರ ಬೇಕು.

ಒಬ್ಬ ಓದುಗಿ:

ನೀವು ಹೇಳಿರೋ ಸಮುದಾಯ ನನ್ನದೇ ಇರಬಹುದು, ಇಲ್ದೇನೂ ಇರಬಹುದು, ನೀವು ಹೆಸರು ಬರೆದಿಲ್ಲ. ಆದ್ರೆ ಯಾರೋ ಮಾಡಿದ ತಪ್ಪಿಗೆ ಮುಖದ ಮೇಲೆ ಬಾಗಿಲು ಹಾಕಿಸ್ಕೊಂಡವಳು ನಾನು. ಬಾಡಿಗೆ ಮನೆ ನೋಡಕ್ಕೆ ಹೋದಾಗ ಎಲ್ಲಾ ಮಾತಾಗಿ ಅಡ್ವಾನ್ಸ್ ಲೆಕ್ಕದವರೆಗೂ ಬಂದು ಕೊನೆಗೆ ಪೂರ್ತಿ ಹೆಸರು ಕೇಳ್ತಾರೆ, ಹೆಸರು ಹೇಳಿದ ಮೇಲೆ "ಮನೆಯವರನ್ನ ಕೇಳಿ ಹೇಳ್ತೀನಿ" ಅಂತಾರೆ, ಆ ಫೋನ್ ಮತ್ತೆ ಬರಲ್ಲ. ಬಯ್ಯಲ್ಲ, ಹೊಡೆಯಲ್ಲ, ನಗ್ತಾನೇ ಕಳಿಸ್ತಾರೆ. ಆಫೀಸಲ್ಲಿ ಎಲ್ಲೋ ನಮ್ಮವನೊಬ್ಬ ಏನೋ ಮಾಡಿದ ಅಂತ ಸುದ್ದಿ ಬಂದ ದಿನ ನಾನು ಬಂದ ಕೂಡ್ಲೆ ಮಾತು ನಿಂತುಹೋಗುತ್ತೆ. ಆ ದಿನ ನಾನು ಇನ್ನೂ ಸ್ವಲ್ಪ ಜಾಸ್ತಿ ನಗ್ತೀನಿ, ಜಾಸ್ತಿ ಕೆಲಸ ಮಾಡ್ತೀನಿ, ಯಾರೋ ಗೊತ್ತಿಲ್ಲದವನ ಪರವಾಗಿ ನಾನು ಒಳ್ಳೆಯವಳು ಅಂತ ಸಾಬೀತು ಮಾಡ್ತಾ ಕೂರ್ತೀನಿ. ಇದು ಎಷ್ಟು ಸುಸ್ತು ಮಾಡುತ್ತೆ ಅಂತ ಹೇಗೆ ಹೇಳ್ಲಿ.

ಇದರಿಂದ ಆಗೋದೇನು ಗೊತ್ತಾ, ನಾವೂ ನಮ್ಮ ನಮ್ಮವರ ಜೊತೆಗೇ ಇರೋಣ ಅಂತ ಸರಿದುಬಿಡ್ತೀವಿ. ನಮ್ಮ ಮಕ್ಕಳಿಗೂ "ಅವರನ್ನ ನಂಬಬೇಡ" ಅಂತ ಹೇಳಿಕೊಡ್ತೀವಿ. ಆಮೇಲೆ ನಿಮ್ಮವರು "ನೋಡಿ, ಅವರು ಯಾರ ಜೊತೆಗೂ ಬೆರೆಯಲ್ಲ" ಅಂತಾರೆ. ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬರಲಿಲ್ಲ ಅಣ್ಣಾ, ಮಗಳ ಮಾತಿಗೆ ಭಯ ಆಯ್ತು ಅಂತ ಬರೆದ್ರಲ್ಲ, ಅಲ್ಲಿ ಅಳು ಬಂತು. ನನ್ನ ವಿಷಯಕ್ಕೆ ಹೀಗೆ ಭಯಪಟ್ಟವರನ್ನ ನಾನು ಇದೇ ಮೊದಲು ನೋಡ್ತಿರೋದು.

ಒಬ್ಬ ಪ್ರೈಮರಿ ಟೀಚರ್:

ನಾನು ಮಗು ಬಗ್ಗೆ ಮಾತ್ರ ಬರೀತೀನಿ. ಮಕ್ಕಳು ಗುಂಪು ಮಾಡ್ಕೊಳ್ಳಕ್ಕೆ ಕಾರಣಾನೇ ಬೇಕಾಗಿಲ್ಲ, ಕ್ಲಾಸಲ್ಲಿ ದಿನಾ ನೋಡ್ತೀನಿ. ಹೆನ್ರಿ ತಾಜ್ಫೆಲ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಶಾಲಾ ಹುಡುಗರಿಗೆ ಇಬ್ಬರು ಚಿತ್ರಕಾರರ ಪೇಂಟಿಂಗ್ ತೋರಿಸಿ, ನೀನು ಈ ಗುಂಪು ನೀನು ಆ ಗುಂಪು ಅಂತ ಹೇಳಿದ್ರು, ಅಷ್ಟೇ. ತನ್ನ ಗುಂಪಲ್ಲಿ ಯಾರಿದಾರೆ ಅಂತಾನೂ ಗೊತ್ತಿಲ್ದೆ ಹುಡುಗರು ತಮ್ಮ ಗುಂಪಿಗೇ ಜಾಸ್ತಿ ದುಡ್ಡು ಹಂಚಿದ್ರು, ಎಷ್ಟೋ ಸಲ ತಮ್ಮವರಿಗೆ ಸ್ವಲ್ಪ ಕಮ್ಮಿಯಾದ್ರೂ ಪರವಾಗಿಲ್ಲ ಆ ಕಡೆಯವರಿಗಿಂತ ಮುಂದಿದ್ರೆ ಸಾಕು ಅನ್ನೋ ಥರ ಹಂಚಿದ್ರು. ಅಂದ್ರೆ ಗೆರೆ ಎಳೆಯೋ ಬುದ್ಧಿ ಮಕ್ಕಳಲ್ಲಿ ಮೊದಲೇ ಇರುತ್ತೆ, ಗೆರೆ ಎಲ್ಲಿ ಎಳೀಬೇಕು ಅಂತ ತೋರಿಸೋರು ನಾವು ದೊಡ್ಡೋರು.

ಅಮೆರಿಕದಲ್ಲಿ 1968ರಲ್ಲಿ ಜೇನ್ ಎಲಿಯಟ್ ಅನ್ನೋ ಟೀಚರ್, ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮಾರನೇ ದಿನ ತನ್ನ ಮೂರನೇ ಕ್ಲಾಸಿನ ಮಕ್ಕಳನ್ನ ಕಣ್ಣಿನ ಬಣ್ಣದ ಮೇಲೆ ಮೇಲು ಕೀಳು ಅಂತ ವಿಂಗಡಿಸಿ ಪಾಠ ಮಾಡಿದ್ರು, ಅಷ್ಟು ಬೇಗ ಮಕ್ಕಳು ಒಬ್ಬರಿಗೊಬ್ಬರು ಕ್ರೂರ ಆದ್ರು. ತುಂಬಾ ಜನ ಅದನ್ನ ಹೊಗಳ್ತಾರೆ, ನಾನಂತೂ ನನ್ನ ಕ್ಲಾಸಲ್ಲಿ ಮಾಡಲ್ಲ, ಒಂದು ದಿನಕ್ಕಾದ್ರೂ ಸರಿ ಮಗುವಿಗೆ ಆ ನೋವು ಕೊಟ್ಟು ಕಲಿಸೋದು ನನಗೆ ಒಪ್ಪಿಗೆಯಿಲ್ಲ. ನನಗೆ ಉಪಯೋಗಕ್ಕೆ ಬಂದಿರೋದು ಇನ್ನೊಂದು, ಮನಶ್ಶಾಸ್ತ್ರಜ್ಞ ಮುಜಾಫರ್ ಷೆರಿಫ್ 1954ರಲ್ಲಿ ಅಮೆರಿಕದ ಒಕ್ಲಹಾಮಾದ ಒಂದು ಬೇಸಿಗೆ ಕ್ಯಾಂಪಲ್ಲಿ ಮಾಡಿದ್ದು. ಹನ್ನೊಂದು ಹನ್ನೆರಡು ವರ್ಷದ 22 ಹುಡುಗರನ್ನ ಎರಡು ಗುಂಪು ಮಾಡಿ ಪಂದ್ಯ ಆಡಿಸಿದ್ರು, ಬಾವುಟ ಸುಡೋವರೆಗೂ ಜಗಳ ಹೋಯ್ತು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದ್ರು, ಸಿನಿಮಾ ತೋರಿಸಿದ್ರು, ಊಟಾನೇ ಒಬ್ಬರ ಮೇಲೊಬ್ಬರು ಎಸೆದ್ರು. ಕ್ಯಾಂಪಿಗೆ ನೀರು ಬರೋದು ನಿಂತು ಎಲ್ಲರೂ ಸೇರಿ ಹುಡುಕಿ ಸರಿ ಮಾಡ್ಬೇಕಾದಾಗ, ಕೆಟ್ಟು ನಿಂತ ಟ್ರಕ್ಕನ್ನ ಎಲ್ಲರೂ ಸೇರಿ ಹಗ್ಗ ಹಾಕಿ ಎಳೀಬೇಕಾದಾಗ ಮಾತ್ರ ನಿಧಾನಕ್ಕೆ ಹಗೆ ಇಳೀತು. ಜೊತೆಗೆ ಕೂರಿಸಿದ್ರೆ ಸಾಲಲ್ಲ, ಜೊತೆಗೆ ಬೇಕಾಗೋ ಕೆಲಸ ಇರ್ಬೇಕು.

ಮಗಳಿಗೆ ಬುದ್ಧಿವಾದ ಹೇಳ್ತಾ ಕೂರ್ಬೇಡಿ, ಬಯ್ಯಲೂ ಬೇಡಿ, ಅವಳು ಹೇಳಿದ್ದು ನಿಮ್ಮ ಮಾತನ್ನೇ. "ಅಪ್ಪನಿಗೆ ಮೋಸ ಮಾಡಿದ್ದು ಒಬ್ಬ ಅಂಕಲ್, ಅಪ್ಪ ಕೋಪದಲ್ಲಿ ಎಲ್ಲರನ್ನೂ ಸೇರಿಸಿ ಅಂದುಬಿಟ್ಟೆ, ಅದು ಸುಳ್ಳು" ಅಂತ ನೇರವಾಗಿ ಹೇಳಿ. ಎಂಟು ಒಂಬತ್ತು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ, ಅಪ್ಪನೇ ಹೇಳಿದ್ರೆ ಮಾತ್ರ. ಅವಳು ಏನಾದ್ರೂ ಪ್ರಶ್ನೆ ಕೇಳಿದ್ರೆ ತಪ್ಪಿಸ್ಕೊಳ್ಬೇಡಿ. ಆಮೇಲೆ ಅವಳ ಕ್ಲಾಸ್ ಟೀಚರನ್ನ ಒಬ್ಬರೇ ಹೋಗಿ ಭೇಟಿಯಾಗಿ, ನಡೆದಿದ್ದು ಹೇಳಿ, ಆ ಇನ್ನೊಂದು ಮಗುವಿಗೆ ಇವಳು ಏನಾದ್ರೂ ಅಂದಿದಾಳಾ ಕೇಳಿ, ಅಂದಿದ್ರೆ ಅದನ್ನ ಸರಿ ಮಾಡೋದೇ ಮೊದಲ ಕೆಲಸ. ಇಬ್ಬರನ್ನೂ ಒಂದೇ ಪ್ರಾಜೆಕ್ಟಿಗೆ ಹಾಕಿ ಅಂತ ಕೇಳ್ಕೊಳ್ಳಿ, ಚಾರ್ಟ್ ಮಾಡೋದೋ ಗಿಡ ಬೆಳೆಸೋದೋ ಏನಾದ್ರೂ ಸರಿ, ಒಬ್ಬರಿಂದಲೇ ಮುಗಿಯದೇ ಇರೋ ಅಂಥದ್ದು. ಯಾವ ಟೀಚರೂ ಇದಕ್ಕೆ ಇಲ್ಲ ಅನ್ನಲ್ಲ ಸರ್, ಇಂಥ ಮಾತು ಹೇಳ್ಕೊಂಡು ಬರೋ ಅಪ್ಪಂದಿರು ನಮಗೆ ಸಿಗೋದೇ ಅಪರೂಪ.