ವಾರದ ಸಾಮಾನಿನ ಖರ್ಚು ಹಿಡಿತಕ್ಕೆ ಸಿಗುತ್ತಿಲ್ಲ, ನೀವೆಲ್ಲ ಹೇಗೆ ಮಾಡುತ್ತೀರಿ?

ನಮ್ಮ ಮನೆಯಲ್ಲಿ ಐದು ಜನ. ನಾವಿಬ್ಬರು, ಅತ್ತೆ, ಇಬ್ಬರು ಮಕ್ಕಳು. ಬಾಡಿಗೆ, ಫೀಸು ಎಲ್ಲ ಲೆಕ್ಕಕ್ಕೆ ಸಿಗುತ್ತದೆ, ಅಡುಗೆಮನೆ ಖರ್ಚು ಮಾತ್ರ ಇಲ್ಲ. ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟು ನಾಲ್ಕು ವಾರಕ್ಕೆ ಹಂಚುತ್ತೇನೆ. ಮೂರನೇ ವಾರಕ್ಕೇ ಖಾಲಿ. ಹಾಗಂತ ದುಬಾರಿ ಸಾಮಾನು ತರುವವರೂ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದಯವಿಟ್ಟು ಹೇಳಬೇಡಿ, ಅದನ್ನು ಅತ್ತೆ ದಿನಾ ಹೇಳುತ್ತಾರೆ. ನೀವೇ ಮಾಡಿ ನೋಡಿದ್ದು ಹೇಳಿ. ಕೈಕೊಟ್ಟದ್ದಾದರೂ ಪರವಾಗಿಲ್ಲ.

* * *

ಮೊದಲು ನಾಲ್ಕಕ್ಕೆ ಹಂಚುವುದನ್ನು ಬಿಡಿ. ವರ್ಷಕ್ಕೆ 52 ವಾರ. ತಿಂಗಳಿಗೆ ನಾಲ್ಕರಂತೆ ಹಿಡಿದರೆ 48 ಆಯಿತು, ಉಳಿದ ನಾಲ್ಕು ವಾರ ಯಾರ ದುಡ್ಡಲ್ಲಿ ಊಟ? ನೀವು ಪ್ರತಿ ಶನಿವಾರ ಸಾಮಾನು ತರುವವರಾದರೆ ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಐದು ಶನಿವಾರ ಬರುತ್ತವೆ. ನಾನು ಎರಡು ವರ್ಷ ಇದನ್ನು ಗಮನಿಸದೆ "ಈ ತಿಂಗಳು ಯಾಕೋ ಜಾಸ್ತಿ ಆಯ್ತು" ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ. ತಿಂಗಳ ಮೊತ್ತವನ್ನು 12ರಿಂದ ಗುಣಿಸಿ 52ರಿಂದ ಭಾಗಿಸಿ. ಈಗ ನೀವು ಅಂದುಕೊಂಡಿರುವ ವಾರದ ದುಡ್ಡಿಗಿಂತ ನೂರಕ್ಕೆ ಸುಮಾರು 8 ಕಡಿಮೆ ಬರುತ್ತದೆ. ಬೇಜಾರಾಗುತ್ತದೆ, ಆದರೆ ಅದೇ ನಿಜವಾದ ಲೆಕ್ಕ.

ಇನ್ನೊಂದು, ಸೋಪು, ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲ ಅದೇ ಬಿಲ್ಲಿನಲ್ಲಿ ಸೇರುತ್ತಿದೆಯಾ ನೋಡಿ. ನಮ್ಮಲ್ಲಿ ಸೇರುತ್ತಿತ್ತು. ತಿನ್ನುವುದಕ್ಕೆ ಜಾಸ್ತಿ ಆಯ್ತು ಅಂತ ಮಕ್ಕಳ ಹಣ್ಣಿಗೆ ಕತ್ತರಿ ಹಾಕುತ್ತಿದ್ದೆವು, ಖರ್ಚಾಗಿದ್ದದ್ದು ಬಟ್ಟೆ ಒಗೆಯುವ ಪುಡಿಗೆ.

* * *

ಮೇಲಿನವರ ಲೆಕ್ಕ ಸರಿ. ಆದರೆ ಮೂರನೇ ವಾರಕ್ಕೇ ಖಾಲಿಯಾಗುವುದಕ್ಕೆ ಅದೊಂದೇ ಸಾಲದು ಅನಿಸುತ್ತದೆ.

ನಾನು ಮಾಡಿದ್ದು ಸ್ವಲ್ಪ ವಿಚಿತ್ರ. ಏನು ಕೊಂಡೆ ಅಂತ ಬರೆಯುವುದು ಬಿಟ್ಟು, ಏನು ಎಸೆದೆ ಅಂತ ಬರೆಯತೊಡಗಿದೆ. ಕಸದ ಬುಟ್ಟಿ ಪಕ್ಕದಲ್ಲಿ ಒಂದು ಸಣ್ಣ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ನು. ಯಾರು ಎಸೆದರೂ ಒಂದು ಸಾಲು: ಏನು, ಎಷ್ಟು, ಯಾಕೆ. ನಾಲ್ಕು ವಾರ. ಮೊದಲ ವಾರ ಮನೆಯವರೆಲ್ಲ ನಕ್ಕರು, ಎರಡನೇ ವಾರ ಕದ್ದು ಎಸೆಯಲು ಶುರು ಮಾಡಿದರು (ಬುಟ್ಟಿಯಲ್ಲಿ ಪೇಪರ್ ಸುತ್ತಿದ ಬ್ರೆಡ್ ಸಿಕ್ಕಿತು!). ಮೂರನೇ ವಾರಕ್ಕೆ ಚಿತ್ರ ಗೊತ್ತಾಯಿತು. ಸೊಪ್ಪು ವಾರಕ್ಕೆ ಎರಡು ಕಟ್ಟು ತರುತ್ತಿದ್ದೆವು, ಒಂದು ತಪ್ಪದೆ ಹಳದಿಯಾಗಿ ಬುಟ್ಟಿಗೆ ಹೋಗುತ್ತಿತ್ತು. ಎರಡು ಕಟ್ಟು ತಂದರೆ ಒಳ್ಳೆಯವರು ಅನ್ನೋ ಭಾವನೆ, ಅಷ್ಟೇ. ಒಂದು ಕಟ್ಟಿಗೆ ಇಳಿಸಿದೆವು, ತಿನ್ನುವುದು ಒಂದೆಲೆಯೂ ಕಡಿಮೆಯಾಗಲಿಲ್ಲ.

ಇದು ನಮ್ಮ ಮನೆಯದ್ದೇ ಕತೆ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ, 2022ರಲ್ಲಿ ಜಗತ್ತಿನ ಮನೆಗಳಲ್ಲಿ ವ್ಯರ್ಥವಾದ ಆಹಾರ ತಲೆಗೆ ವರ್ಷಕ್ಕೆ ಸುಮಾರು 79 ಕೆಜಿ. ಸಿಪ್ಪೆ, ಬೀಜ, ಮೂಳೆ ಎಲ್ಲ ಇದರಲ್ಲಿ ಸೇರಿದೆ, ನಿಜ. ಆದರೂ ನಿಮ್ಮದು ಐದು ಜನರ ಮನೆ, ಗುಣಿಸಿ ನೋಡಿ.

* * *

ಎಲ್ಲರೂ ಹೇಳುವ ಒಂದು ಮಾತಿಗೆ ನಾನು ವಿರುದ್ಧ. ಒಟ್ಟಿಗೆ ದೊಡ್ಡ ಮೂಟೆ ತಂದರೆ ಅಗ್ಗ ಅಂತಾರಲ್ಲ, ಅದು. ಮನೆಯಲ್ಲಿ ಇಬ್ಬರೇ ಇದ್ದಾಗ ಹುರುಪಿನಲ್ಲಿ ಆರು ತಿಂಗಳ ಹಿಟ್ಟು, ಕಾಳು, ಎಣ್ಣೆ ತಂದೆ. ಹಿಟ್ಟಿಗೆ ಹುಳ, ಕಾಳಿಗೆ ನುಸಿ, ಎಣ್ಣೆ ಕೊನೆಗೆ ಕಮಟು ವಾಸನೆ. ಉಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ. ಮೇಲಾಗಿ ಡಬ್ಬಿ ತುಂಬಿದ್ದರೆ ಕೈ ಧಾರಾಳವಾಗುತ್ತದೆ, ಡಬ್ಬಿಯ ತಳ ಕಾಣುವಾಗ ಬರುವ ಜಾಣತನವೇ ಬೇರೆ.

ಈಗಿನ ನನ್ನ ನಿಯಮ: ಎರಡು ತಿಂಗಳಲ್ಲಿ ಮುಗಿಯುವಷ್ಟು, ಅದೂ ಒಣ ಸಾಮಾನು ಮಾತ್ರ. ಫ್ರೀಜರಿನಲ್ಲಿ ಜಾಗ ಇದ್ದರೆ ಹಿಟ್ಟು, ಕಾಳನ್ನು ತಂದ ಕೂಡಲೇ ನಾಲ್ಕು ದಿನ ಅದರಲ್ಲಿಟ್ಟು, ಹೊರಗೆ ತೆಗೆದ ಮೇಲೆ ಪೊಟ್ಟಣ ಬಿಚ್ಚದೆ ತಣುಪು ಪೂರ್ತಿ ಹೋಗಲು ಬಿಟ್ಟು, ಆಮೇಲೆ ಡಬ್ಬಿಗೆ ತುಂಬುತ್ತೇನೆ. ಹುಳದ ಮೊಟ್ಟೆ ಅಲ್ಲೇ ಸಾಯುತ್ತದೆ. ತಣ್ಣಗಿರುವಾಗಲೇ ಬಿಚ್ಚಿದರೆ ನೀರಾಡಿ ಬೂಷ್ಟು ಹಿಡಿಯುತ್ತದೆ, ಅದನ್ನೂ ಅನುಭವಿಸಿ ಕಲಿತೆ.

* * *

ಪೊಟ್ಟಣದ ತೂಕ ಓದಿ. ಬೆಲೆ ಅದೇ ಇಟ್ಟು 1 ಕೆಜಿ ಇದ್ದದ್ದನ್ನು 900 ಗ್ರಾಂ ಮಾಡಿದರೆ ಬೆಲೆ ನೂರಕ್ಕೆ 11ರಷ್ಟು ಏರಿದ ಹಾಗೆ. ಮೊಬೈಲಿನಲ್ಲಿ ಬೆಲೆಯನ್ನು ತೂಕದಿಂದ ಭಾಗಿಸಿ ಹೋಲಿಸುತ್ತೇನೆ. ದೊಡ್ಡ ಪ್ಯಾಕೇ ಅಗ್ಗ ಅಂತೇನಿಲ್ಲ, ಕೆಲವು ಸಲ ಚಿಕ್ಕದೇ ಅಗ್ಗ ಇರುತ್ತದೆ. "ಎರಡು ಕೊಂಡರೆ ಒಂದು ಉಚಿತ" ಅಂತ ಕಂಡರೆ ಒಂದೇ ಪ್ರಶ್ನೆ, ಇವತ್ತು ಮನೆಯಿಂದ ಹೊರಡುವಾಗ ಇದು ಬೇಕಿತ್ತಾ?

* * *

ನನ್ನ ವಯಸ್ಸಿಗೆ ಭಾಗಾಕಾರ ಬೇಡಮ್ಮ. ನಾನು ಹೇಳುವುದು ತಂದಮೇಲಿನ ಮಾತು. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಹಾಕಬೇಡಿ, ಎರಡೂ ಬೇಗ ಹಾಳಾಗುತ್ತವೆ. ಗಾಳಿಯಾಡುವ ಬೇರೆ ಬೇರೆ ಬುಟ್ಟಿ, ಬಿಸಿಲು ಬೀಳದ ಜಾಗ. ಆಲೂಗಡ್ಡೆ ಹಸಿರಾದರೆ ಉಳಿತಾಯ ಅಂತ ನೋಡದೆ ಎಸೆಯಿರಿ, ಅದು ವಿಷ. ಮಾಗಿದ ಬಾಳೆಹಣ್ಣು, ಸೇಬಿನ ಪಕ್ಕ ಸೊಪ್ಪು ಇಡಬೇಡಿ. ಹಣ್ಣಿನಿಂದ ಬರುವ ಗಾಳಿಗೆ ಸೊಪ್ಪು ಹಳದಿಯಾಗುತ್ತದೆ (ಮೊಮ್ಮಗಳು ಅದಕ್ಕೆ ಎಥಿಲೀನ್ ಅಂತ ಹೆಸರು ಹೇಳಿದಳು, ನಮಗೆ ಹೆಸರಿಲ್ಲದೆಯೂ ಗೊತ್ತಿತ್ತು). ಸೊಪ್ಪನ್ನು ತೊಳೆದು ಇಡಬೇಡಿ, ಒಣ ಬಟ್ಟೆಯಲ್ಲಿ ಸುತ್ತಿಡಿ, ಬೇಕಾದಾಗ ತೊಳೆಯಿರಿ. ಹೊಸ ಸಾಮಾನು ಹಿಂದಕ್ಕೆ, ಹಳೆಯದು ಮುಂದಕ್ಕೆ.

ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಅದನ್ನು ಕಣ್ಣಿಗೆ ಕಾಣುವ ಡಬ್ಬಿಯಲ್ಲಿ ಇಡಿ. ಸ್ಟೀಲ್ ಡಬ್ಬಿಯಲ್ಲಿ ಹಿಂದೆ ಸರಿಸಿಟ್ಟರೆ ವಾಸನೆ ಬಂದಾಗಲೇ ನೆನಪಾಗುವುದು.

* * *

ಪ್ಯಾಕೆಟ್ ಮೇಲಿನ ತಾರೀಖಿನ ಬಗ್ಗೆ ಯಾರೂ ಹೇಳಲಿಲ್ಲ. "ಬೆಸ್ಟ್ ಬಿಫೋರ್" ಅಂದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಅಂತ, ಮರುದಿನ ವಿಷವಾಗುತ್ತದೆ ಅಂತಲ್ಲ. "ಯೂಸ್ ಬೈ" ಬೇರೆ, ಅದು ಸುರಕ್ಷತೆಯ ತಾರೀಖು, ದಾಟಿದರೆ ತಿನ್ನಬಾರದು. ನಾನು ಎರಡನ್ನೂ ಒಂದೇ ಅಂದುಕೊಂಡು ಎಷ್ಟು ಬಿಸ್ಕತ್ತು ಎಸೆದೆನೋ.

* * *

ಪ್ರಶ್ನೆ ಕೇಳಿದವಳು ನಾನೇ. ಅಮ್ಮ ಅಂತ ಕರೆದವರಿಗೆ, ಬೈದ ಹಾಗೆ ಹೇಳಿದವರಿಗೆ, ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ವಾರ ಆಯಿತು, ಆದದ್ದನ್ನು ಹೇಳಿಬಿಡುತ್ತೇನೆ.

52ರ ಲೆಕ್ಕ ಮಾಡಿದೆ. ಸೋಪು, ಪುಡಿಯನ್ನು ಬೇರೆ ಪರ್ಸಿಗೆ ಹಾಕಿದೆ. ವಾರದ ಅಡುಗೆಯನ್ನು ಮೊದಲೇ ಬರೆದಿಡುವುದು ನಮ್ಮಲ್ಲಿ ನಡೆಯಲಿಲ್ಲ, ಬುಧವಾರಕ್ಕೇ ಮಕ್ಕಳ ಮನಸ್ಸು ಬದಲಾಗುತ್ತದೆ, ಆ ಹಾಳೆ ಬುಟ್ಟಿಗೆ ಹೋಯಿತು. ಆದರೆ ಎಸೆದದ್ದರ ಪುಸ್ತಕ ನಿಂತಿತು. ಎರಡು ವಾರದಲ್ಲೇ "ಹಾಲು ಒಡೆಯಿತು" ಅಂತ ಐದು ಸಲ, "ಬ್ರೆಡ್ ಬೂಷ್ಟು" ಅಂತ ಮೂರು ಸಲ. ಯಾಕೆ ಅಂತ ನೋಡಿದರೆ ಕೆಲಸದಿಂದ ಬರುವಾಗ ನಾನೂ ತರುತ್ತೇನೆ, ಇವರೂ ತರುತ್ತಾರೆ, ಇಬ್ಬರೂ ಒಬ್ಬರಿಗೊಬ್ಬರು ಕೇಳುವುದಿಲ್ಲ! ಹೋದವರು ಬರೀ ಹಾಲು ತಂದು ಬರುತ್ತಾರಾ, ಜೊತೆಗೆ ಮಕ್ಕಳಿಗೆ ಅಂತ ಏನಾದರೂ ಕುರುಕಲು ಇದ್ದೇ ಇರುತ್ತದೆ. ದುಡ್ಡು ಸೋರುತ್ತಿದ್ದದ್ದು ಅಲ್ಲಿಂದ, ಶನಿವಾರದ ದೊಡ್ಡ ಬಿಲ್ಲಿನಿಂದ ಅಲ್ಲ. ಈಗ ದಾರಿಯಲ್ಲಿ ತರುವ ಕೆಲಸ ಇವರೊಬ್ಬರದ್ದೇ. ಅದಕ್ಕೆ ಅಂತ ಬೇರೆ ಚಿಲ್ಲರೆ ಕೊಟ್ಟಿದ್ದೇನೆ, ಮುಗಿದರೆ ಮುಗಿಯಿತು.

ನಾಲ್ಕನೇ ವಾರ ಕೊನೆಗೆ ಸ್ವಲ್ಪ ಎಳೆದಾಡಿದೆವು, ಸುಳ್ಳು ಹೇಳುವುದಿಲ್ಲ. ಆದರೆ ಸಾಲ ಮಾಡಲಿಲ್ಲ. ಈ ವಾರ ಪುಸ್ತಕದಲ್ಲಿ ಒಂದೇ ಒಂದು ಸಾಲು ಇದೆ: "ಅರ್ಧ ಸೌತೆಕಾಯಿ, ಕಹಿ ಇತ್ತು." ಬರೆದದ್ದು ಅತ್ತೆ.