ಸಹಾಯ ಬೇಕು: ಸೋರುವ ಗೋಡೆಗೆ ನಮ್ಮ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡೀತಾರಂತೆ

ನಮಸ್ಕಾರ. ಯಲಹಂಕದ ಒಂದು ಅಪಾರ್ಟ್‌ಮೆಂಟಿನಲ್ಲಿ 3 ವರ್ಷದಿಂದ ಬಾಡಿಗೆಗಿದ್ದೀವಿ. 11 ತಿಂಗಳ ಅಗ್ರಿಮೆಂಟು, ಅಡ್ವಾನ್ಸ್ 1,50,000. ಮುಂದಿನ ತಿಂಗಳು ಖಾಲಿ ಮಾಡ್ತಿದ್ದೀವಿ.

ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ಅಗ್ರಿಮೆಂಟಲ್ಲೇ ಇದೆ, ಹೋಗ್ಲಿ. ತಕರಾರು ರೂಮಿನ ಗೋಡೆಯದು. ಮೇಲಿನ ಮನೆ ಬಾತ್‌ರೂಮಿಂದ ನೀರು ಜಿನುಗಿ ಬಣ್ಣ ಹಪ್ಪಳದ ಥರ ಉಬ್ಬಿದೆ, ಬೆರಳು ತಾಗಿದರೆ ಪುಡಿ ಉದುರುತ್ತೆ. ಬೀರುವಿನಲ್ಲಿದ್ದ ಅಮ್ಮನ ಎರಡು ರೇಷ್ಮೆ ಸೀರೆಗೂ ಬೂಷ್ಟು ಹತ್ತಿತು. ಅಸೋಸಿಯೇಷನ್‌ಗೆ ಹೇಳಿದರೆ "ಓನರ್ ಕೈಲಿ ಹೇಳಿಸಿ ಸಾರ್, ಟೆನೆಂಟ್ ಕಂಪ್ಲೇಂಟ್ ತಗೊಳ್ಳಲ್ಲ" ಅಂದರು. ಮೇಂಟೆನೆನ್ಸ್ ಮಾತ್ರ ನಮ್ಮಿಂದಲೇ ತಗೋತಾರೆ! ಓನರ್ "ನೋಡೋಣ" ಅಂತ ಒಂದು ವರ್ಷ ದೂಡಿ, ಈಗ ರಿಪೇರಿಗೆ 35,000 ಮುರ್ಕೋತೀನಿ ಅಂತಿದ್ದಾರೆ.

ಫೋಟೋ, ವಾಟ್ಸಾಪ್ ಮೆಸೇಜು ಎಲ್ಲ ತಾರೀಖಿನ ಸಮೇತ ಇವೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಇದನ್ನಿಟ್ಟುಕೊಂಡು ಯಾರಾದರೂ ಅಡ್ವಾನ್ಸ್ ವಾಪಸ್ ಪಡೆದಿದ್ದೀರಾ? ಲಾಯರ್ ನೋಟಿಸ್ ಕೊಡಬೇಕಾ, ಒಂದು ಕಾಗದ ಬರೆದರೆ ಸಾಕಾ? ಕೊನೇ ತಿಂಗಳ ಬಾಡಿಗೆ ಕೊಡೋದೇ ಬೇಡ ಅಂತಾಳೆ ನನ್ನ ಹೆಂಡತಿ. ನನಗೆ ಧೈರ್ಯ ಬರ್ತಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.