ಸಹಾಯ ಬೇಕು: 'ಆಲ್ದೋ' ನಂತರ 'ವಿಲ್', 'ಮೇ' ಬರಬಹುದೇ?

ಇಂಗ್ಲಿಷ್ ವ್ಯಾಕರಣ ಬಲ್ಲವರು ದಯವಿಟ್ಟು ಈ ಗಂಟು ಬಿಡಿಸಿ. 'ಇಫ್', 'ವೆನ್' ಇರುವ ಉಪವಾಕ್ಯದಲ್ಲಿ ಮುಂದಾಗುವ ಸಂಗತಿ ಇದ್ದರೂ ಸಾಮಾನ್ಯವಾಗಿ 'ವಿಲ್' ಹಾಕುವುದಿಲ್ಲ; 'ಇಫ್ ಇಟ್ ರೇನ್ಸ್' ಎನ್ನುತ್ತೇವೆ. ಅಲ್ಲಿಯವರೆಗೆ ಸರಿ. 'ಬಟ್' ಕೂಡ ತಕರಾರು ಮಾಡುವುದಿಲ್ಲ. ಅದರ ಎರಡೂ ಬದಿಗೆ ಸ್ವತಂತ್ರ ವಾಕ್ಯಗಳೇ ಇರುವುದರಿಂದ 'ಕ್ಯಾನ್', 'ಮಸ್ಟ್', 'ಶುಡ್' ಯಾವುದು ಬೇಕಾದರೂ ಬರುತ್ತದೆ.

ನಾನು ಸಿಕ್ಕಿಕೊಂಡಿರುವುದು 'ಆಲ್ದೋ' (although, ಅಂದರೆ '...ಆದರೂ') ಬಳಿ. 'ಆಲ್ದೋ ಶಿ ವಿಲ್ ಬಿ ಲೇಟ್, ವಿ ಶುಡ್ ವೇಟ್' ಎಂದು ಬರೆದು ತೋರಿಸಿದರೆ ಒಬ್ಬರು 'ವಿಲ್' ಹೊಡೆದುಹಾಕುತ್ತಾರೆ, ಇನ್ನೊಬ್ಬರು ಹಾಗೆಯೇ ಬಿಡುತ್ತಾರೆ. ಕಾರಣ ಕೇಳಿದರೆ ಇಬ್ಬರೂ ಮೌನ! ನಿಘಂಟಿನಲ್ಲಿ ಅರ್ಥ ಸಿಕ್ಕಿತು, ನಿಯಮ ಸಿಗಲಿಲ್ಲ. ವ್ಯಾಕರಣ ಪುಸ್ತಕದಲ್ಲಿ 'ಬಟ್', 'ಆಲ್ದೋ' ತರಹದ ಸಂಯೋಜಕಗಳು ಒಂದು ಅಧ್ಯಾಯ, 'ವಿಲ್', 'ಮೇ' ತರಹದ ಸಹಾಯಕ ಕ್ರಿಯಾಪದಗಳು ಇನ್ನೊಂದು. ಎರಡೂ ಒಂದರ ಮುಖ ಒಂದು ನೋಡುವುದಿಲ್ಲ.

'ಹಿ ಮೇ ಬಿ ರಿಚ್, ಬಟ್ ಹಿ ಈಸ್ ನಾಟ್ ಹ್ಯಾಪಿ' ಎಂಬಲ್ಲಿ 'ಮೇ' ಅನುಮಾನವನ್ನಲ್ಲ, 'ಇರಲಿ, ಒಪ್ಪಿದೆ' ಎಂಬ ಭಾವವನ್ನು ಹೇಳಬಲ್ಲದು. 'ಆಲ್ದೋ' ಈಗಾಗಲೇ ಅದೇ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ 'ಮೇ' ಏಕೆ?

ನನಗೆ ಬೇಕಿರುವುದು ಇಷ್ಟೇ: 'ಇಫ್'ಗೆ ಇರುವ 'ವಿಲ್' ನಿರ್ಬಂಧ 'ಆಲ್ದೋ'ಗೂ ಅನ್ವಯಿಸುತ್ತದೆಯೇ? 'ಆಲ್ದೋ ಹಿ ಮೇ ಬಿ ರಿಚ್' ಎಂದರೆ ಅವನು ಶ್ರೀಮಂತನೆಂದು ಒಪ್ಪಿದಂತೆಯೇ, ಅನುಮಾನಿಸಿದಂತೆಯೇ?